ತಟ್ಟೆಯ ಎಡಭಾಗದ ಊಟ ಹಾಗೇ ಉಳಿದರೆ

ಪ್ರಶ್ನೆ: ನಮ್ಮ ಮಾವನವರಿಗೆ 66 ವರ್ಷ. ಎರಡು ತಿಂಗಳ ಹಿಂದೆ ಮೆದುಳಿನ ಬಲಭಾಗದಲ್ಲಿ ಸ್ಟ್ರೋಕ್ ಆಯಿತು. ಈಗ ಕೋಲು ಹಿಡಿದು ಓಡಾಡುತ್ತಾರೆ. ಆದರೆ ತಟ್ಟೆಯಲ್ಲಿ ಬಲಗಡೆ ಇರುವುದನ್ನಷ್ಟೇ ತಿಂದು ‘ಪಲ್ಯ ಹಾಕಲೇ ಇಲ್ಲ’ ಎನ್ನುತ್ತಾರೆ. ಎಡಭುಜ ಬಾಗಿಲ ಚೌಕಟ್ಟಿಗೆ ತಾಗುತ್ತದೆ. ಎದುರಿಗೇ ಮಾತ್ರೆ ಇಟ್ಟರೂ ಇಟ್ಟಿಲ್ಲ ಎಂದು ಜಗಳ. ಕಣ್ಣಿನ ಡಾಕ್ಟರು ಕಣ್ಣು ಚೆನ್ನಾಗಿದೆ ಎಂದರು. ಇದು ಮರೆವೋ, ಹಟವೋ? (ಓದುಗರೊಬ್ಬರು, ಹಾವೇರಿ)

ಉತ್ತರ: ಹಟವಂತೂ ಅಲ್ಲ. ಮರೆವು ಎನ್ನುವ ಮುಂಚೆ, ಅದು ಅವರಿಗೆ ಕಂಡಿತ್ತೇ ಎಂದು ತಿಳಿಯಬೇಕು. ಕಾಣದೇ ಹೋದದ್ದು ನೆನಪಿನಲ್ಲಿ ಉಳಿಯುವುದಾದರೂ ಹೇಗೆ? ಮುಂದಿನ ಸಲ ಅವರು ‘ಊಟ ಆಯ್ತು’ ಎಂದಾಗ ಮಾತಾಡದೆ ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿ. ಉಳಿದ ಪಲ್ಯ ಬಲಕ್ಕೆ ಬಂದ ಕೂಡಲೇ ತಿನ್ನತೊಡಗಿದರೆ ತೊಂದರೆ ಇರುವುದು ಎಡಗಡೆಯ ಅರಿವಿನಲ್ಲಿ.

ಇದರಲ್ಲಿ ಎರಡು ಬಗೆ. ಒಂದು, ಅರ್ಧ ದೃಷ್ಟಿ ಹೋಗುವುದು. ತಲೆಯ ಹಿಂಭಾಗದ ದೃಷ್ಟಿ ಕೇಂದ್ರಕ್ಕೋ ಅಲ್ಲಿಗೆ ಹೋಗುವ ನರತಂತುಗಳಿಗೋ ಪೆಟ್ಟಾದರೆ ಎರಡೂ ಕಣ್ಣುಗಳಲ್ಲಿ ಒಂದೇ ಪಕ್ಕ ಕಾಣುವುದಿಲ್ಲ. ಮನೆಯವರು ‘ಎಡಗಣ್ಣು ಹೋಗಿದೆ’ ಅಂದುಕೊಳ್ಳುತ್ತಾರೆ. ಆದರೆ ಯಾವ ಕಣ್ಣು ಮುಚ್ಚಿದರೂ ಎಡಪಕ್ಕ ಕತ್ತಲೆಯೇ. ಹೊಸ ಕನ್ನಡಕದಿಂದ ಇದು ಸರಿಹೋಗದು. ಇನ್ನೊಂದು, ಡಾಕ್ಟರುಗಳು ‘ನೆಗ್ಲೆಕ್ಟ್’ ಎನ್ನುವ ಸ್ಥಿತಿ. ಇಲ್ಲಿ ಕಣ್ಣಿನ ದಾರಿ ಸರಿಯಿದ್ದರೂ ಮೆದುಳಿನ ಗಮನ ಎಡಕ್ಕೆ ಹೊರಳುವುದಿಲ್ಲ. ಬಲ ಮೆದುಳಿನ ಸ್ಟ್ರೋಕ್‌ನಲ್ಲಿ ಇದು ಹೆಚ್ಚು. ಅರ್ಧ ದೃಷ್ಟಿ ಹೋದವರಿಗೆ ಸಾಮಾನ್ಯವಾಗಿ ಕೊರತೆಯ ಅರಿವು ಬರುತ್ತದೆ, ತಲೆ ತಿರುಗಿಸಿ ನೋಡಿಕೊಳ್ಳುತ್ತಾರೆ. ನೆಗ್ಲೆಕ್ಟ್ ಇರುವವರಿಗೆ ಏನೋ ತಪ್ಪಿಹೋಗಿದೆ ಎಂದೇ ಅನಿಸುವುದಿಲ್ಲ. ಆದ್ದರಿಂದಲೇ ನಿಮ್ಮ ಮನೆಯ ಜಗಳ.

ಮನೆಯಲ್ಲೇ ಹೀಗೆ ನೋಡಬಹುದು. ಹಾಳೆಯನ್ನು ಅಡ್ಡಲಾಗಿ ಅವರ ಎದೆಯ ನೇರಕ್ಕೆ ಇಟ್ಟು 20 ಸೆಂ.ಮೀ. ಗೆರೆ ಎಳೆಯಿರಿ, ಸರಿಯಾಗಿ ನಡುವೆ ಗುರುತು ಹಾಕಲು ಹೇಳಿ. ಒಂದೆರಡು ಮಿ.ಮೀ. ಆಚೀಚೆ ಎಲ್ಲರಿಗೂ ಆಗುತ್ತದೆ. ಮತ್ತೆ ಮತ್ತೆ ಎರಡು ಮೂರು ಸೆಂ.ಮೀ. ಬಲಕ್ಕೆ ಜಾರಿದರೆ ನೆಗ್ಲೆಕ್ಟ್ ಸಂಶಯ. ಆಮೇಲೆ ಒಂದು ಮೀಟರ್ ದೂರ ಎದುರುಬದುರು ಕೂತು, ನಿಮ್ಮ ಮೂಗನ್ನೇ ನೋಡುತ್ತಿರಲು ಹೇಳಿ. ಮೊದಲು ಒಂದೊಂದೇ ಬದಿಯಲ್ಲಿ, ನಂತರ ಎರಡೂ ಬದಿಯಲ್ಲಿ ಒಟ್ಟಿಗೆ ಬೆರಳಾಡಿಸಿ. ಅವರ ಎಡಬದಿಯಲ್ಲಿ ಆಡಿಸಿದ್ದು ಒಂಟಿಯಾಗಿದ್ದಾಗ ಕಂಡು, ಜೋಡಿಯಾದಾಗ ಕಾಣದಿದ್ದರೆ ಅದು ಗಮನದ ತೊಂದರೆ. ಒಂಟಿಯಾಗಿಯೂ ಕಾಣದಿದ್ದರೆ ದೃಷ್ಟಿಯೇ ಹೋಗಿರಬಹುದು. ಎರಡೂ ಒಟ್ಟಿಗಿರುವುದೂ ಉಂಟು, ಆದ್ದರಿಂದ ನೇರ ನೋಡುವಾಗ ಯಾವ ಯಾವ ಪಕ್ಕ ಕಾಣುತ್ತದೆ ಎಂದು ಅಳೆಯುವ ‘ವಿಷುವಲ್ ಫೀಲ್ಡ್’ ಪರೀಕ್ಷೆ ಮಾಡಿಸಿ, ನರರೋಗ ತಜ್ಞರಿಗೂ ತೋರಿಸಿ.

ನೆಗ್ಲೆಕ್ಟ್ ನೆನಪಿನೊಳಗೂ ನುಗ್ಗುತ್ತದೆ. 1978ರಲ್ಲಿ ಇಟಲಿಯ ಸಂಶೋಧಕರಾದ ಬಿಸಿಯಾಕ್ ಮತ್ತು ಲುಝಾಟ್ಟಿ, ಇಂಥ ಇಬ್ಬರು ರೋಗಿಗಳಿಗೆ ಮಿಲಾನ್ ನಗರದ ಚರ್ಚ್ ಚೌಕವನ್ನು ಮನಸ್ಸಿನಲ್ಲೇ ನೋಡಿ ವರ್ಣಿಸಲು ಹೇಳಿದರು. ಚರ್ಚಿಗೆ ಮುಖಮಾಡಿ ನಿಂತಂತೆ ಊಹಿಸಿದಾಗ ಎಡಗಡೆಯ ಕಟ್ಟಡಗಳು ಬಿಟ್ಟುಹೋದವು. ಚರ್ಚಿನ ಬಾಗಿಲಲ್ಲಿ ನಿಂತು ಈಚೆ ನೋಡಿದಂತೆ ಊಹಿಸಿ ಎಂದಾಗ, ಬಿಟ್ಟಿದ್ದವೇ ನೆನಪಾದವು, ಹೇಳಿದ್ದವು ಬಿಟ್ಟುಹೋದವು. ಅಂದರೆ ನೆನಪು ಅಳಿಸಿರಲಿಲ್ಲ. ನಿಮ್ಮ ಮಾವನವರನ್ನೂ ಬಸ್‌ಸ್ಟ್ಯಾಂಡಿನಿಂದ ಮನೆಗೆ ಬರುವ ದಾರಿಯ ಅಂಗಡಿಗಳನ್ನು ಕೇಳಿ, ನಂತರ ಮನೆಯಿಂದ ಹೋಗುವ ದಾರಿಯದನ್ನು ಕೇಳಿ ನೋಡಿ.

ಅಭ್ಯಾಸಕ್ಕೆ ಬೇಕಾದುದು ಎರಡು ಸೆಂ.ಮೀ. ಅಗಲದ ಕೆಂಪು ಟೇಪು. ದಿನಪತ್ರಿಕೆಯ ಎಡ ಅಂಚಿಗೆ, ಊಟದ ಮೇಜಿನ ಎಡ ಅಂಚಿಗೆ ಅಂಟಿಸಿ. ಪ್ರತಿ ಸಾಲನ್ನೂ ‘ಕೆಂಪು ಕಂಡ ಮೇಲೇ’ ಓದಬೇಕು. ಇಲ್ಲದಿದ್ದರೆ ‘ಮೈಸೂರು’ ಎಂಬುದು ‘ಸೂರು’ ಆಗಿಬಿಡುತ್ತದೆ. ಒಂದು ಸುದ್ದಿಯಲ್ಲಿರುವ ‘ರ’ಕಾರಗಳಿಗೆಲ್ಲ ಗೆರೆ ಹಾಕಿಸಿ, ಬಿಟ್ಟವನ್ನು ಎಣಿಸಿ ಬರೆದಿಡಿ, ವಾರದಿಂದ ವಾರಕ್ಕೆ ವ್ಯತ್ಯಾಸ ತಿಳಿಯುತ್ತದೆ. ಬೆಳಿಗ್ಗೆ 15 ನಿಮಿಷ, ಸಂಜೆ 15 ನಿಮಿಷ ಸಾಕು, ದಣಿದರೆ ಅಲ್ಲಿಗೇ ನಿಲ್ಲಿಸಿ. ಎಡಗೈ ಸ್ವಲ್ಪವಾದರೂ ಆಡುತ್ತಿದ್ದರೆ, ಓದುವಾಗ ಅದೇ ಕೈಯಿಂದ ಎಡಗಡೆ ಮೇಜನ್ನು ತಟ್ಟಿಸುತ್ತಿರಿ, ಗಮನ ಆ ಕಡೆ ಎಳೆಯಲ್ಪಡುತ್ತದೆ.

ಬಹಳ ಮನೆಗಳಲ್ಲಿ ಆಗುವ ತಪ್ಪೆಂದರೆ, ಅಭ್ಯಾಸವಾಗಲಿ ಎಂದು ಎಲ್ಲವನ್ನೂ ಎಡಕ್ಕೇ ಇಡುವುದು. ನೀರು, ಫೋನು, ಕರೆಗಂಟೆ ಬಲಕ್ಕೇ ಇರಲಿ. ಏಳು ದಿನದ ಮಾತ್ರೆ ಡಬ್ಬಿಯನ್ನು ಅಡ್ಡ ಇಟ್ಟರೆ ಎಡತುದಿಯ ಖಾನೆಗಳು ಹಾಗೇ ಉಳಿಯುತ್ತವೆ, ಅದನ್ನು ಉದ್ದಕ್ಕೆ, ಮೇಲಿನಿಂದ ಕೆಳಕ್ಕೆ ಬರುವಂತೆ ಇಡಿ. ಊಟವಾದ ಮೇಲೆ ಎಡಗೆನ್ನೆಯೊಳಗೆ ಅನ್ನ ಉಳಿದಿದೆಯೇ ಎಂದು ನೋಡಿ, ಗಂಟಲಿಗೆ ಸಿಕ್ಕೀತು. ಬಿಸಿ ಕಾಫಿ ಲೋಟವನ್ನು ಎಡಗೈ ಹತ್ತಿರ ಇಡಬೇಡಿ.

ಪ್ರಶ್ನೆ: ಸ್ಟ್ರೋಕ್ ಆದಮೇಲೆ ಅಮ್ಮ ಪತ್ರ ಬರೆಯುತ್ತಾರೆ, ತಾವೇ ಬರೆದದ್ದನ್ನು ಓದಲಾರರು. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಾರೆ. (ಓದುಗರೊಬ್ಬರು, ತುಮಕೂರು)

ಉತ್ತರ: ಪ್ಯಾರಿಸ್‌ನ ನರರೋಗ ತಜ್ಞ ಡೆಜರೀನ್ 1892ರಲ್ಲೇ ವಿವರಿಸಿದ ಸ್ಥಿತಿ ಇದು. ಎಡ ಮೆದುಳಿನ ದೃಷ್ಟಿ ಕೇಂದ್ರಕ್ಕೂ, ಎರಡು ಮೆದುಳರ್ಧಗಳನ್ನು ಬೆಸೆಯುವ ಸೇತುವೆಯ ಹಿಂಭಾಗಕ್ಕೂ ಪೆಟ್ಟಾದಾಗ, ಕಂಡ ಅಕ್ಷರ ಭಾಷೆಯ ಕೇಂದ್ರಕ್ಕೆ ತಲುಪುವುದಿಲ್ಲ. ಬರೆಯುವ ಕೈಯ ದಾರಿ ಬೇರೆ, ಅದು ಉಳಿದಿದೆ. ಆದ್ದರಿಂದ ಅಕ್ಷರವನ್ನು ಬೆರಳಿನಿಂದ ಅಂಗೈ ಮೇಲೆ ತಿದ್ದಿಸಿ. ಕಣ್ಣಿಗೆ ಸಿಗದ ‘ಕ’ ಹಲವರಿಗೆ ಬೆರಳಿಗೆ ಸಿಗುತ್ತದೆ. ದೊಡ್ಡಕ್ಷರದ, ಒತ್ತಕ್ಷರವಿಲ್ಲದ ‘ಮನೆ’, ‘ಹಸು’ ಥರದ ಪದಗಳಿಂದ ಶುರುಮಾಡಿ.

ದೃಷ್ಟಿ ಕೇಂದ್ರಕ್ಕೆ ರಕ್ತ ಕೊಡುವ ಮೆದುಳಿನ ಹಿಂಭಾಗದ ರಕ್ತನಾಳವೇ ಹೊಸ ನೆನಪು ಕಟ್ಟುವ ಹಿಪ್ಪೊಕ್ಯಾಂಪಸ್‌ಗೂ ರಕ್ತ ಒಯ್ಯುತ್ತದೆ. ಓದು, ನೆನಪು ಎರಡೂ ಒಟ್ಟಿಗೆ ಕೈಕೊಟ್ಟಿದ್ದು ಬಹುಶಃ ಹೀಗೆ. ‘ನೆನಪು ಮಾಡ್ಕೋ, ಹೇಳು ನೋಡೋಣ’ ಎಂದು ಒತ್ತಾಯಿಸಬೇಡಿ. ಊಹಿಸಿ ಹೇಳಿದ ತಪ್ಪು ಉತ್ತರವೇ ಮನಸ್ಸಿನಲ್ಲಿ ಕೂತುಬಿಡುತ್ತದೆ. ಸರಿಯುತ್ತರ ನೀವೇ ಹೇಳಿ, ಕೂಡಲೇ ಹೇಳಿಸಿ, ಮತ್ತೆ 1, 2, 4, 8 ನಿಮಿಷ ಬಿಟ್ಟು ಕೇಳಿ. ತಪ್ಪಿದರೆ ಹಿಂದಿನ ಅಂತರಕ್ಕೆ ಮರಳಿ. ಒಮ್ಮೆಗೆ ಒಂದೇ ವಿಷಯ.

ಪ್ರಶ್ನೆ: ಸ್ಟ್ರೋಕ್ ಆದಮೇಲೆ ಬಲಪಕ್ಕ ಕಾಣುವುದಿಲ್ಲ, ಆರು ತಿಂಗಳಾಯಿತು. ಸ್ಕೂಟರ್ ಓಡಿಸಬಹುದೇ? (ಓದುಗರೊಬ್ಬರು, ಶಿವಮೊಗ್ಗ)

ಉತ್ತರ: ಬೇಡ. ತಾನಾಗಿ ಮರಳುವ ದೃಷ್ಟಿ ಹೆಚ್ಚಾಗಿ ಮೊದಲ ಮೂರು ತಿಂಗಳಲ್ಲೇ ಮರಳುತ್ತದೆ. ಆರು ತಿಂಗಳ ನಂತರ ದೊಡ್ಡ ಬದಲಾವಣೆ ಅಪರೂಪ. ಕಣ್ಣನ್ನು ಬೇಗ ಬಲಕ್ಕೆ ಹೊರಳಿಸುವ ಅಭ್ಯಾಸದಿಂದ ರಸ್ತೆ ದಾಟುವುದು, ಓದುವುದು ಸುಧಾರಿಸುತ್ತದೆ, ಅದನ್ನು ಮುಂದುವರಿಸಿ. ಆದರೆ ಇನ್ನೊಂದು ಪಕ್ಕವೂ ಇದ್ದಕ್ಕಿದ್ದಂತೆ ಮಂಕಾದರೆ ನಾಳೆ ನೋಡೋಣ ಎನ್ನದೆ 108ಕ್ಕೆ ಕರೆ ಮಾಡಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು, ಗಡಿಯಾರ ನೋಡಿ ಶುರುವಾದ ಹೊತ್ತನ್ನು ಬರೆದುಕೊಂಡೇ ಹೊರಡಿ.