400 ಕಿ.ಮೀ. ದೂರಕ್ಕೆ ಟಿಕೆಟ್‌ನಲ್ಲಿ 1 ಗಂಟೆ 20 ನಿಮಿಷ ಏಕೆ?

ಎರಡು ಸಣ್ಣ ವಿಮಾನ ನಿಲ್ದಾಣಗಳ ನಡುವೆ ನೇರ ದೂರ 400 ಕಿ.ಮೀ., ಎಟಿಆರ್ ಎಂಬ ಸಣ್ಣ ಪ್ರೊಪೆಲ್ಲರ್ ವಿಮಾನದ ವೇಗ ಗಂಟೆಗೆ 500 ಕಿ.ಮೀ., ಹಾಗಾದರೆ 48 ನಿಮಿಷ ಸಾಕಲ್ವಾ ಎಂದು ಕೇಳಿದ್ದೀರಿ.

ನಿಮ್ಮ ಭಾಗಾಕಾರ ಸರಿಯಾಗಿಯೇ ಇದೆ. ಟಿಕೆಟ್ ಕೂಡ ಸುಳ್ಳು ಹೇಳುತ್ತಿಲ್ಲ. ಅದರಲ್ಲಿರುವುದು ಗಾಳಿಯಲ್ಲಿರುವ ಸಮಯ ಅಲ್ಲ, ‘ಬ್ಲಾಕ್ ಟೈಮ್’. ಚಕ್ರದ ಅಡ್ಡಗಟ್ಟೆ ತೆಗೆದು ವಿಮಾನ ಕದಲಿದಾಗಿನಿಂದ, ಆ ಕಡೆ ಹೋಗಿ ನಿಲ್ಲುವವರೆಗಿನ ಲೆಕ್ಕ ಅದು.

ಇಂಥದ್ದೇ ಒಂದು ಪ್ರಯಾಣದಲ್ಲಿ ಕಿಟಕಿ ಪಕ್ಕ ಕೂತು ಸುಮ್ನೆ ಟೈಮ್ ಬರೆದುಕೊಂಡಿದ್ದೆ. ಕದಲಿ ರನ್‌ವೇ ಬಿಡುವಷ್ಟರಲ್ಲಿ 8 ನಿಮಿಷ. ಗಾಳಿಯಲ್ಲಿ 61. ಇಳಿದು ನಿಲ್ಲಲು 4. ಒಟ್ಟು 73. ಟಿಕೆಟ್‌ಗಿಂತ 7 ನಿಮಿಷ ಬೇಗ! ತಡವಾದರೂ ಇರಲಿ ಎಂದು ಕಂಪನಿಗಳು ಸ್ವಲ್ಪ ಜಾಸ್ತಿಯೇ ಬರೆದಿರುತ್ತವೆ.

ಆದರೂ 48 ಹೋಗಿ 61 ಆಗಿದ್ದು ಹೇಗೆ? 500 ಎನ್ನುವುದು ಮೇಲೆ ಹೋಗಿ ಸಮನಾಗಿ ಹಾರುವಾಗಿನ ವೇಗ. ಏರುವಾಗ ಅಷ್ಟು ಇರುವುದಿಲ್ಲ, ಇಳಿಯುವ ಕೊನೆಯಲ್ಲಂತೂ ಇನ್ನೂ ನಿಧಾನ. ಜೊತೆಗೆ ವಿಮಾನ ಸಾಮಾನ್ಯವಾಗಿ ಗಾಳಿಗೆ ಎದುರಾಗಿಯೇ ಏರುತ್ತದೆ, ಎದುರಾಗಿಯೇ ಇಳಿಯುತ್ತದೆ. ನೀವು ಪೂರ್ವಕ್ಕೆ ಹೊರಟಿದ್ದು ಗಾಳಿ ಪಶ್ಚಿಮದಿಂದ ಬೀಸುತ್ತಿದ್ದರೆ, ಮೊದಲು ಪಶ್ಚಿಮಕ್ಕೆ ಹಾರಿ ಆಮೇಲೆ ತಿರುಗಬೇಕು. ಇಳಿಯುವಾಗಲೂ ಊರು ದಾಟಿ ಹೋಗಿ ವಾಪಸ್ ಬರಬೇಕು.

ಗಾಳಿಯ ಇನ್ನೊಂದು ಆಟವೂ ಇದೆ. ಗಂಟೆಗೆ 60 ಕಿ.ಮೀ. ಎದುರುಗಾಳಿ ಇದ್ದರೆ ನಿಮ್ಮ 48 ನಿಮಿಷ ಸುಮಾರು 55 ಆಗುತ್ತದೆ. ಅದೇ ಗಾಳಿ ಹಿಂದಿನಿಂದ ಬಂದರೆ 43. ಹೋಗುವಾಗ ಕಳೆದುಕೊಂಡ ಏಳು ನಿಮಿಷದಲ್ಲಿ ಬರುವಾಗ ಸಿಗುವುದು ಐದೇ!

ಜೆಟ್ ಆದರೆ ಅರ್ಧಕ್ಕರ್ಧ ಉಳಿಯುತ್ತದೆ ಅಂದುಕೊಳ್ಳಬೇಡಿ. 10,000 ಅಡಿಗಿಂತ ಕೆಳಗೆ ಸಾಮಾನ್ಯವಾಗಿ ಅದಕ್ಕೂ 250 ನಾಟ್ ಮಿತಿ, ಅಂದರೆ ಗಂಟೆಗೆ ಸುಮಾರು 460 ಕಿ.ಮೀ. ಪೂರ್ತಿ ವೇಗ ಹಿಡಿಯುವಷ್ಟರಲ್ಲಿ ಇಳಿಯುವ ಸಮಯ ಬಂದಿರುತ್ತದೆ.

ದೂರ ಹುಡುಕುವಾಗ ಮೈಲಿ ಕಂಡರೆ ಹುಷಾರು. ವಿಮಾನದವರ ಮೈಲಿ ನಾಟಿಕಲ್ ಮೈಲಿ, 1.852 ಕಿ.ಮೀ. ನಿಮ್ಮ 400 ಕಿ.ಮೀ. ಅವರಿಗೆ 216 ಮೈಲಿ.

ನಾನು ಬಳಸುವ ಅಂದಾಜು ಇಷ್ಟೇ: ದೂರವನ್ನು 500ರಿಂದ ಭಾಗಿಸಿ, ಅರ್ಧ ಗಂಟೆ ಕೂಡಿಸಿ. ನಿಮ್ಮ ದಾರಿಗೆ 78 ನಿಮಿಷ ಬರುತ್ತದೆ, ಟಿಕೆಟ್‌ಗೆ ಹತ್ತಿರ. ಆದರೆ ಇದನ್ನು ಸ್ಕಾಟ್ಲೆಂಡ್‌ನ ವೆಸ್ಟ್ರೇ ಮತ್ತು ಪಾಪಾ ವೆಸ್ಟ್ರೇ ದ್ವೀಪಗಳಿಗೆ ಹಾಕಬೇಡಿ. ಅಲ್ಲಿ ದೂರ 2.7 ಕಿ.ಮೀ. ಮಾತ್ರ, ಟೈಮ್‌ಟೇಬಲ್‌ನಲ್ಲಿ 2 ನಿಮಿಷ. ಗಾಳಿ ಜೊತೆಗಿದ್ದಾಗ 53 ಸೆಕೆಂಡಿನಲ್ಲೇ ಇಳಿದದ್ದೂ ಉಂಟು.