ಮ್ಯಾಕ್‌ಬೆತ್, ಒಥೆಲೊ, ಈಡಿಪಸ್: ಮೂವರೂ ಒಂದೇ ತಪ್ಪಿನಿಂದ ಬಿದ್ದರಾ?

ಮ್ಯಾಕ್‌ಬೆತ್, ಒಥೆಲೊ ಶೇಕ್ಸ್‌ಪಿಯರ್‌ನ ದುರಂತ ನಾಟಕಗಳ ನಾಯಕರು, ಈಡಿಪಸ್ ಹಳೆಯ ಗ್ರೀಕ್ ದುರಂತ ನಾಟಕದ ನಾಯಕ. ಈ ಮೂವರೂ ಒಂದೇ ತಪ್ಪಿನಿಂದ ಬಿದ್ದರಾ ಅನ್ನುವ, ಕಲಬುರಗಿಯಲ್ಲಿ ಬಿಎ ಓದುತ್ತಿರುವ ನಿಮ್ಮ ಪ್ರಶ್ನೆಗೆ ಚಿಕ್ಕ ಉತ್ತರ: ಇಲ್ಲ. ಮ್ಯಾಕ್‌ಬೆತ್ ತಪ್ಪು ಅಂತ ಗೊತ್ತಿದ್ದೂ ರಾಜನನ್ನು ಕೊಲ್ಲುತ್ತಾನೆ. ಒಥೆಲೊ ಸುಳ್ಳನ್ನು ನಿಜ ಅಂತ ನಂಬಿ ಹೆಂಡತಿಯನ್ನು ಕೊಲ್ಲುತ್ತಾನೆ. ಈಡಿಪಸ್‌ಗಂತೂ ತಾನು ಕೊಂದದ್ದು ತಂದೆಯನ್ನು ಅಂತಲೇ ತಿಳಿದಿರಲಿಲ್ಲ.

ಆದರೆ ಒಂದು ವಿಷಯ ಮೂವರಲ್ಲೂ ಇದೆ. ಅವರನ್ನು ಮೇಲೆತ್ತಿದ ಗುಣವೇ ಬೇರೆ ಜಾಗದಲ್ಲಿ ಅವರನ್ನು ಕೆಡವುತ್ತದೆ. ಒಥೆಲೊ ದಂಡನಾಯಕ. ಯುದ್ಧದಲ್ಲಿ ಜೊತೆಗಾರನನ್ನು ನಂಬಬೇಕು, ತಕ್ಷಣ ನಿರ್ಧಾರ ಮಾಡಬೇಕು. ಅದೇ ಅಭ್ಯಾಸ ಮನೆಯೊಳಗೆ ಬಂದಾಗ ಕೈಕೆಳಗಿನ ಅಧಿಕಾರಿ ಇಯಾಗೊನ ಸುಳ್ಳು ಮಾತು, ಸಾಕ್ಷಿ ಅಂತ ತೋರಿಸಿದ ಹೆಂಡತಿಯ ಒಂದು ಕರವಸ್ತ್ರ, ಇಷ್ಟೇ ಸಾಕಾಯಿತು. ಅದೇ ಜಾಗದಲ್ಲಿ ಶೇಕ್ಸ್‌ಪಿಯರ್‌ನ ಇನ್ನೊಬ್ಬ ನಾಯಕ, ನಿರ್ಧಾರ ಮಾಡಲು ಹಿಂದೆಮುಂದೆ ನೋಡುವ ಹ್ಯಾಮ್ಲೆಟ್ ಇದ್ದಿದ್ದರೆ ಆ ಕರವಸ್ತ್ರದ ಬಗ್ಗೆ ವಾರಗಟ್ಟಲೆ ಯೋಚನೆ ಮಾಡುತ್ತಾ ಕೂರುತ್ತಿದ್ದ, ಅಲ್ವಾ? ಈಡಿಪಸ್ ಬಿಡದೆ ಹುಡುಕುವವನು. ಒಗಟು ಬಿಡಿಸಿ ಊರು ಉಳಿಸಿದ, ಅದೇ ಹಟದಿಂದ ತನ್ನ ಹುಟ್ಟಿನ ಗುಟ್ಟನ್ನೂ ಅಗೆದ.

ನಮ್ಮ ಕಡೆಯ ಬಯಲಾಟ ನೋಡಿದವರಿಗೆ ಇದು ಹೊಸದೇನಲ್ಲ. ಕೌರವನ ಛಲ ನೆನಪಿಸಿಕೊಳ್ಳಿ. ಕರ್ಣನ ಕೈ ಬಿಡದ ಛಲವೂ ಅದೇ, ಸೂಜಿ ಮೊನೆಯಷ್ಟು ನೆಲ ಕೊಡದ ಛಲವೂ ಅದೇ.

ದುರಂತ ನಾಯಕನನ್ನು ಕೆಡವುವ ತಪ್ಪಿಗೆ ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ಬಳಸಿದ ಪದ 'ಹಮಾರ್ತಿಯಾ'. ಅದರ ಮೂಲ ಅರ್ಥ ಗುರಿ ತಪ್ಪುವುದು. ಅದನ್ನು ಸುಮ್ನೆ 'ಕೆಟ್ಟ ಗುಣ' ಅಂತ ಬರೆದರೆ ಈಡಿಪಸ್‌ಗೆ ಹೊಂದುವುದೇ ಇಲ್ಲ.