ಮಾಲಗದಲ್ಲಿ ಸಮುದ್ರ ಕಾಣುವ ಮನೆ ಹುಡುಕಬೇಡಿ, ಮೊದಲು ಅಗ್ರಿಮೆಂಟ್ ಓದಿ

ಹೆಂಡತಿ, ಮಗನ ಜೊತೆ ಸೆಪ್ಟೆಂಬರ್‌ನಲ್ಲಿ ಸ್ಪೇನಿನ ಮಾಲಗಕ್ಕೆ ಹೋಗುತ್ತೇವೆ, ಸಮುದ್ರ ಕಾಣುವ ಬಾಡಿಗೆ ಮನೆ ಯಾವ ಏರಿಯಾದಲ್ಲಿ ಅಗ್ಗ ಅಂತ ಕೇಳಿದ್ದೀರಿ. 2023ರಲ್ಲಿ ನಾನೂ ಇದನ್ನೇ ಹುಡುಕುತ್ತಿದ್ದೆ. ಅದೂ ಸೆಪ್ಟೆಂಬರ್‌ಗೇ.

ಮನೆ ಸಿಕ್ಕಿತು. ಪೆದ್ರೆಗಾಲೆಹೊ ಅಂತ, ಊರಿನ ಪೂರ್ವಕ್ಕೆ ಹಳೆಯ ಮೀನುಗಾರರ ಕೇರಿ. ಅಲ್ಲಿ ದಡದ ಮೇಲೆ ದೋಣಿಗೆ ಮರಳು ತುಂಬಿ, ಅದರ ಮೇಲೆ ಬೆಂಕಿ ಹಾಕಿ, ಕಡ್ಡಿಗೆ ಸಾಲಾಗಿ ಬೂತಾಯಿ ಚುಚ್ಚಿ ಸುಡುತ್ತಾರೆ. ಎಸ್ಪೆತೊ ಅಂತ ಅದರ ಹೆಸರು. ಕಲ್ಲುಪ್ಪು ಬಿಟ್ಟರೆ ಬೇರೇನೂ ಇಲ್ಲ. ನಾನು ಮಲ್ಪೆಯವನು. ಆ ವಾಸನೆ ಮೂಗಿಗೆ ಬಡಿದ ಮೇಲೆ ಬೇರೆ ಮನೆ ನೋಡಲೇ ಇಲ್ಲ.

ತಪ್ಪಾಗಿದ್ದು ಅಗ್ರಿಮೆಂಟಿನಲ್ಲಿ. ತಲೆಬರಹದಲ್ಲೇ 'ತೆಂಪೊರಾದಾ' ಅಂತ ಇತ್ತು. ಸೀಸನ್ ಬಾಡಿಗೆ ಅಂತ ಅರ್ಥ. ಸೆಪ್ಟೆಂಬರ್ 1ರಿಂದ ಜೂನ್ 30. 'ಎಲ್ಲರೂ ಹೀಗೇ ಮಾಡುತ್ತಾರೆ, ಆಮೇಲೆ ರಿನ್ಯೂ ಆಗುತ್ತೆ' ಅಂದರು ಏಜೆಂಟ್. ಬೆಂಗಳೂರಿನಲ್ಲಿ 11 ತಿಂಗಳಿಗೊಮ್ಮೆ ಅಗ್ರಿಮೆಂಟ್ ಬದಲಿಸಿ ಅಭ್ಯಾಸ ಅಲ್ವಾ, ನಾನೂ ನಂಬಿದೆ. ಎರಡನೇ ಪುಟದಲ್ಲಿ ನನ್ನ ಮಲ್ಪೆ ಮನೆಯ ವಿಳಾಸ ಪೂರ್ತಿ ಟೈಪ್ ಮಾಡಿದ್ದರು. ಸ್ಪ್ಯಾನಿಷ್ ಅಕ್ಷರಗಳ ನಡುವೆ ಊರಿನ ಹೆಸರು ನೋಡಿ ಖುಷಿಯೇ ಆಯಿತು. ಅದರ ಕೆಳಗೇ ಸಹಿ ಹಾಕಿದೆ. ಆ ಸಾಲಿನ ಅರ್ಥ ತಿಳಿದದ್ದು ಎಷ್ಟೋ ತಿಂಗಳ ಮೇಲೆ: 'ಬಾಡಿಗೆದಾರರ ಕಾಯಂ ಮನೆ ಮಲ್ಪೆಯದು, ಮಾಲಗಕ್ಕೆ ಬಂದಿರುವುದು ತಾತ್ಕಾಲಿಕವಾಗಿ ಮಾತ್ರ.'

ಇದು ಯಾಕೆ ಅಷ್ಟು ಮುಖ್ಯ ಅಂತ ಬಿಡಿಸಿ ಹೇಳುತ್ತೇನೆ. ಸ್ಪೇನಿನಲ್ಲಿ ಕಾಯಂ ವಾಸದ ಬಾಡಿಗೆಗೆ 'ವಿವಿಯೆಂದಾ ಅಬಿತುವಾಲ್' ಅಂತಾರೆ. ಅದರಲ್ಲಿ ಅವಧಿ ಒಂದೇ ವರ್ಷ ಅಂತ ಬರೆದಿದ್ದರೂ, ನೀವು ಬಯಸಿದರೆ 5 ವರ್ಷದವರೆಗೆ ಇರಬಹುದು. ಮಾಲೀಕರು ಕಂಪನಿಯಾದರೆ 7 ವರ್ಷ. ಅಡ್ವಾನ್ಸ್ ಒಂದು ತಿಂಗಳದು, ಅದರ ಮೇಲೆ ಹೆಚ್ಚೆಂದರೆ ಇನ್ನೆರಡು ತಿಂಗಳ ಗ್ಯಾರಂಟಿ ಕೇಳಬಹುದು. 2023ರ ವಸತಿ ಕಾನೂನು ಬಂದ ಮೇಲೆ ಏಜೆಂಟ್ ಕಮಿಷನ್ ಕೊಡಬೇಕಾದವರು ಮಾಲೀಕರು. ಸೀಸನ್ ಬಾಡಿಗೆಗೆ ಈ ರಕ್ಷಣೆ ಯಾವುದೂ ಇಲ್ಲ. ಕಮಿಷನ್ ನಾನೇ ಕೊಟ್ಟೆ. ಆಗಲೇ ಅನುಮಾನ ಬರಬೇಕಿತ್ತು.

ಮೇ ತಿಂಗಳಲ್ಲಿ ಮೆಸೇಜ್ ಬಂತು. ಜೂನ್ 30ಕ್ಕೆ ಖಾಲಿ ಮಾಡಿ, ಜುಲೈನಿಂದ ಪ್ರವಾಸಿಗರಿಗೆ ವಾರದ ಲೆಕ್ಕದಲ್ಲಿ ಕೊಡುತ್ತೇವೆ. ಮಗಳು ಅಷ್ಟರಲ್ಲಿ ಸ್ಪ್ಯಾನಿಷ್‌ನಲ್ಲಿ ಜಗಳ ಆಡುವಷ್ಟು ಕಲಿತಿದ್ದಳು, ಪಕ್ಕದ ಮನೆಯ ಹುಡುಗಿ ಅವಳ ಜೀವದ ಗೆಳತಿ. ಅದನ್ನೆಲ್ಲ ಬಿಟ್ಟು ಹೊರಟೆವು. ಪೆಟ್ಟಿಗೆ ಸಾಗಿಸುವ ದಿನ ತೆರ್ರಾಲ್ ಬೀಸುತ್ತಿತ್ತು. ಅದು ಒಳನಾಡಿನಿಂದ ಬರುವ ಬಿಸಿ ಒಣಗಾಳಿ, ಒಲೆಯ ಬಾಯಿಗೆ ಮುಖ ಇಟ್ಟ ಹಾಗೆ. ಅದೇ ಜೂನ್ 29ಕ್ಕೆ ಮನೆ ಸಿಗುತ್ತಿಲ್ಲ ಅಂತ ಮಾಲಗದಲ್ಲಿ ಸಾವಿರಾರು ಜನ ಬೀದಿಗಿಳಿದಿದ್ದರು. ಊರಿನವರಿಗೇ ಈ ಗತಿ.

ಇನ್ನೊಂದು. ವಾಸವಿರುವ ಊರಿನ ಪಾಲಿಕೆಯಲ್ಲಿ ಹೆಸರು ಬರೆಸಬೇಕು, ಎಂಪಾದ್ರೊನಮಿಯೆಂತೊ ಅಂತ. 'ನಮ್ಮ ಮನೆ ವಿಳಾಸಕ್ಕೆ ಬೇಡ' ಅಂದರು ಮಾಲೀಕರು, ನಾನು ಸುಮ್ನಾದೆ. ಅದು ಕಡ್ಡಾಯ, ತಡೆಯುವ ಹಕ್ಕು ಅವರಿಗಿಲ್ಲ. ಸರ್ಕಾರಿ ಶಾಲೆಯ ಸೀಟಿಗೆ ಮನೆ ಹತ್ತಿರವಿದ್ದರೆ ಅಂಕ ಸಿಗುತ್ತದೆ, ಅದಕ್ಕೆ ಆಧಾರ ಈ ನೋಂದಣಿಯೇ. ನಿಮ್ಮ ಮಗನಿಗಾಗಿ ಇದನ್ನು ಬಿಡಲೇಬೇಡಿ.

ಸಮುದ್ರದ ನೋಟದ ಆಸೆಯನ್ನೂ ಬಿಡಿ ಅಂತೀನಿ, ಮನೆಯೊಳಗೆ ಬಿಸಿಲು ಬೀಳುತ್ತದಾ ಅಂತ ನೋಡಿ. ನಮ್ಮ ಆ ಮನೆಯ ಕೋಣೆಗಳಿಗೆ ಬಿಸಿಲೇ ಬೀಳುತ್ತಿರಲಿಲ್ಲ. ಇಲ್ಲಿ ತುಂಬಾ ಮನೆಗಳಲ್ಲಿ ಹೀಟಿಂಗ್ ಇರುವುದಿಲ್ಲ, ನೆಲವೆಲ್ಲ ಟೈಲ್ಸು. ಜನವರಿಯಲ್ಲಿ ಹೊರಗೆ ಹಿತವಾದ ಬಿಸಿಲು, ಒಳಗೆ ಎರಡು ಸ್ವೆಟರ್. ಪಕ್ಕದ ಮನೆಯ ಅಜ್ಜಿ ಒಂದು ದುಂಡು ಮೇಜು ಕೊಟ್ಟರು. ನೆಲ ಮುಟ್ಟುವ ದಪ್ಪ ಬಟ್ಟೆ, ಅದರ ಕೆಳಗೆ ಸಣ್ಣ ಹೀಟರ್. ಮಗಳು ಹೋಂವರ್ಕ್, ನಾನು ಆಫೀಸ್ ಕೆಲಸ, ಎಲ್ಲ ಆ ಬಟ್ಟೆಯೊಳಗೆ ಕಾಲು ತೂರಿಸಿಕೊಂಡು.

ಈಗ ತೆಯಾತಿನೋಸ್‌ನಲ್ಲಿದ್ದೇವೆ, ಯೂನಿವರ್ಸಿಟಿ ಕಡೆ. ಸಮುದ್ರ ಕಾಣುವುದಿಲ್ಲ. ಮೆಟ್ರೊ ಇದೆ, ದಕ್ಷಿಣಕ್ಕೆ ಕಿಟಕಿ ಇದೆ, ಅಗ್ರಿಮೆಂಟ್ ಕಾಯಂ ವಾಸದ್ದು. ಭಾನುವಾರ ಬಸ್ ಹತ್ತಿ ಪೆದ್ರೆಗಾಲೆಹೊಗೆ ಹೋಗಿ ಬೂತಾಯಿ ತಿಂದು ಬರುತ್ತೇವೆ, ಮಗಳು ಗೆಳತಿಯ ಮನೆಯಲ್ಲಿ ಸಂಜೆವರೆಗೆ ಇರುತ್ತಾಳೆ. ನಿಮಗೆ ಅಗ್ರಿಮೆಂಟ್ ಬಂದ ದಿನ ತಲೆಬರಹ ಮತ್ತು ನಿಮ್ಮ ಊರಿನ ವಿಳಾಸ ಇರುವ ಸಾಲನ್ನು ಇಲ್ಲೇ ಹಾಕಿ. ಸಹಿ ಮಾಡುವ ಮುಂಚೆ. ನಾನು ಓದಿ ಹೇಳುತ್ತೇನೆ.